ರಕ್ತದೊತ್ತಡದ ಗುಳಿಗೆ ಮತ್ತು ಮನೆಯವರ ಹೊಣೆ

ಕಳೆದ ಆಟಿ ತಿಂಗಳಿನ ಒಂದು ರಾತ್ರಿ, ಮಳೆ ಬಿಡದೆ ಸುರಿಯುತ್ತಿದ್ದ ಹೊತ್ತಿನಲ್ಲಿ, ನನ್ನ ಚಿಕ್ಕಮ್ಮ ಬಚ್ಚಲಿಗೆಂದು ಎದ್ದವರು ಕಣ್ಣು ಕತ್ತಲೆಗಟ್ಟಿ ಜಗಲಿಯ ಮೆಟ್ಟಿಲಲ್ಲಿ ಬಿದ್ದರು. ಆ ರಾತ್ರಿ ಅವರು ಎದ್ದದ್ದು ಅದು ನಾಲ್ಕನೆಯ ಸಲ. ಎಡಗೈಯ ಮಣಿಕಟ್ಟಿನ ಎಲುಬು ಮುರಿದಿತ್ತು. ಎಪ್ಪತ್ತೆರಡರ ವಯಸ್ಸಿನಲ್ಲಿ ಸೊಂಟ ಮುರಿಯದೆ ಉಳಿದುದೇ ಪುಣ್ಯವೆಂದು ನಾವೆಲ್ಲ ಸಮಾಧಾನಪಟ್ಟುಕೊಂಡೆವು.

ಆಸ್ಪತ್ರೆಯ ವೈದ್ಯರು ಮಾತ್ರ ಅಷ್ಟಕ್ಕೆ ಸಮಾಧಾನಪಡಲಿಲ್ಲ. ಮಲಗಿದ್ದಾಗ 118 ಇದ್ದ ರಕ್ತದೊತ್ತಡದ ಮೇಲಿನ ಅಂಕಿ, ಎದ್ದು ನಿಂತೊಡನೆ 90ಕ್ಕೆ ಇಳಿಯುತ್ತಿತ್ತು. “ಇವರು ತಿನ್ನುವ ಗುಳಿಗೆಗಳನ್ನೆಲ್ಲ ತನ್ನಿ” ಎಂದರು. ನಾನು ಮನೆಗೆ ಹೋಗಿ ಚಿಕ್ಕಮ್ಮನ ಬಿಸ್ಕತ್ತಿನ ಡಬ್ಬಿಯನ್ನೇ ಎತ್ತಿಕೊಂಡು ಬಂದೆ. ಅದನ್ನು ಮೇಜಿನ ಮೇಲೆ ಸುರಿದಾಗ ಎರಡು ತಪ್ಪುಗಳು ಬೆಳಕಿಗೆ ಬಂದವು.

ಮೊದಲನೆಯದು ಭಾಷೆಯ ತಪ್ಪು. ಊರಿನ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಮೂತ್ರವರ್ಧಕ ಗುಳಿಗೆಯ ಕಾಗದದ ಲಕೋಟೆಯ ಮೇಲೆ ಮಲಯಾಳದಲ್ಲಿ ‘ರಾ’ ಎಂಬ ಒಂದೇ ಅಕ್ಷರವಿತ್ತು. ಚಿಕ್ಕಮ್ಮನಿಗೆ ಕನ್ನಡವಲ್ಲದೆ ಬೇರೆ ಲಿಪಿ ಬಾರದು. ಮಲಯಾಳ ಬಲ್ಲ ಮೊಮ್ಮಗ ಅದನ್ನು ‘ರಾ’ ಎಂದು ಸರಿಯಾಗಿಯೇ ಓದಿಹೇಳಿದ್ದ. ಅಜ್ಜಿ ಅದನ್ನು ‘ರಾತ್ರಿ’ ಎಂದು ಗ್ರಹಿಸಿದರು. ಬರೆದವರ ಮನಸ್ಸಿನಲ್ಲಿದ್ದುದು ‘ರಾವಿಲೆ’, ಅಂದರೆ ಬೆಳಿಗ್ಗೆ! ಮೂತ್ರವನ್ನು ಹೆಚ್ಚಿಸುವ ಗುಳಿಗೆಯನ್ನು ಎರಡು ತಿಂಗಳಿನಿಂದ ರಾತ್ರಿ ಮಲಗುವ ಮುನ್ನ ನುಂಗುತ್ತಿದ್ದರು.

ಎರಡನೆಯದು ಎರಡು ಬಾಗಿಲುಗಳ ತಪ್ಪು. ಆರೋಗ್ಯ ಕೇಂದ್ರದವರು ಆಮ್ಲೋಡಿಪಿನ್ ಎಂಬ ಗುಳಿಗೆಯನ್ನು ಉಚಿತವಾಗಿ ಕೊಟ್ಟಿದ್ದರು. ಗಡಿಯಾಚೆಯ ನಗರದ ದೊಡ್ಡ ವೈದ್ಯರು ಬರೆದುಕೊಟ್ಟದ್ದು ಬೇರೆಯೇ ಹೆಸರಿನ ಗುಳಿಗೆ. ಆದರೆ ಆ ಹಾಳೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದರೆ, ಅದರಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ಆಮ್ಲೋಡಿಪಿನ್ ಕೂಡ ಸೇರಿತ್ತು. ಇಬ್ಬರು ವೈದ್ಯರಿಗೂ ಪರಸ್ಪರರ ಚೀಟಿಯ ವಿಷಯ ತಿಳಿದಿರಲಿಲ್ಲ. “ನಾನು ಒಂದು ದಿನವೂ ತಪ್ಪಿಸಿಲ್ಲ ಮಗಾ, ಎರಡು ಕಡೆಯವರು ಹೇಳಿದ್ದನ್ನೂ ಪಾಲಿಸಿದ್ದೇನೆ” ಎಂದು ಚಿಕ್ಕಮ್ಮ ಅತ್ತರು. ಅವರ ತಪ್ಪೇನೂ ಇರಲಿಲ್ಲ. ಅಕ್ಷರ ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನಾನು ನಮ್ಮ ಮನೆಯ ಡಬ್ಬಿಯನ್ನು ಒಮ್ಮೆಯೂ ಓದಿರಲಿಲ್ಲ.

ನಾನು ವೈದ್ಯನಲ್ಲ. ಆ ಬಳಿಕ ವೈದ್ಯರಿಂದಲೂ ಔಷಧಿ ಅಂಗಡಿಯವರಿಂದಲೂ ಕೇಳಿ ತಿಳಿದು, ಓದಿ ದೃಢಪಡಿಸಿಕೊಂಡ ಸಂಗತಿಗಳನ್ನು ನಮ್ಮಂತಹ ಗಡಿನಾಡಿನ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸದ್ದಿಲ್ಲದ ರೋಗ

ಹೃದಯವು ನೂಕಿದ ರಕ್ತವು ಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. ಹೃದಯ ಸಂಕುಚಿಸಿದಾಗಿನದು ಮೇಲಿನ ಅಂಕಿ, ಸಡಿಲಿದಾಗಿನದು ಕೆಳಗಿನ ಅಂಕಿ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಹೆಚ್ಚಿನವರಿಗೆ ನೋವಾಗಲಿ ಜ್ವರವಾಗಲಿ ಇರುವುದಿಲ್ಲ. ವರ್ಷಗಳು ಕಳೆದಂತೆ ಮಿದುಳು, ಹೃದಯ, ಮೂತ್ರಪಿಂಡ ಮತ್ತು ಕಣ್ಣುಗಳು ಮಾತ್ರ ಮೌನವಾಗಿ ಹಾಳಾಗುತ್ತವೆ. ಲಕ್ಷಣವಿಲ್ಲದ ರೋಗಕ್ಕೆ ದಿನವೂ ಔಷಧಿ ತಿನ್ನಬೇಕೆಂಬುದೇ ನಮ್ಮ ಹಿರಿಯರಿಗೆ ಒಪ್ಪಿಗೆಯಾಗದ ಮಾತು.

ಈ ಗುಳಿಗೆಗಳಿಗೆ ನಮ್ಮ ನೆಲದ ಸಂಬಂಧವೂ ಉಂಟು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು 1949ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಆ ಬೇರಿನತ್ತ ತಿರುಗಿತು. ಬ್ರೆಜಿಲ್ ದೇಶದ ಹಾವೊಂದರ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಬಳಕೆಗೆ ಬಂತು. ಇಂದಿನ ಎನಾಲಾಪ್ರಿಲ್, ರಾಮಿಪ್ರಿಲ್‌ಗಳು ಅದೇ ವಂಶದವು.

ಯಾವ ಗುಳಿಗೆ, ಏನು ಎಚ್ಚರ

ಆಮ್ಲೋಡಿಪಿನ್ ಧಮನಿಗಳನ್ನು ಸಡಿಲಗೊಳಿಸುತ್ತದೆ. ದಿನಕ್ಕೊಮ್ಮೆ ತಿಂದರೆ ಸಾಕು. ಕೆಲವರಿಗೆ ಇದರಿಂದ ಪಾದದ ಗಂಟುಗಳು ಊದುತ್ತವೆ, ತಲೆನೋವೋ ಮುಖ ಬಿಸಿಯಾಗುವುದೋ ಉಂಟಾಗುತ್ತದೆ. ಊತ ಕಂಡೊಡನೆ ಗುಳಿಗೆಯನ್ನು ತಾವಾಗಿ ಬಿಡದೆ ವೈದ್ಯರಿಗೆ ತೋರಿಸಬೇಕು.

ಎನಾಲಾಪ್ರಿಲ್, ರಾಮಿಪ್ರಿಲ್‌ಗಳಿಂದ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ತುಟಿ, ನಾಲಗೆ ಅಥವಾ ಮುಖ ಫಕ್ಕನೆ ಊದಿಕೊಂಡರೆ ಅದು ಅಪಾಯದ ಸೂಚನೆ. ಮುಂದಿನ ಗುಳಿಗೆ ತಿನ್ನದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಲೋಸಾರ್ಟನ್, ಟೆಲ್ಮಿಸಾರ್ಟನ್‌ಗಳಲ್ಲಿ ಕೆಮ್ಮಿನ ತೊಂದರೆ ಕಡಿಮೆ. ಈ ಎರಡು ಗುಂಪಿನ ಗುಳಿಗೆಗಳೂ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಆದುದರಿಂದ ಗರ್ಭಿಣಿಯರೂ ಮಗುವನ್ನು ಬಯಸುವ ಹೆಣ್ಣುಮಕ್ಕಳೂ ಆ ವಿಷಯವನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಇವುಗಳನ್ನು ತಿನ್ನುವವರು ಮೂತ್ರಪಿಂಡದ ಸ್ಥಿತಿಗೂ ಪೊಟಾಸಿಯಮ್ ಪ್ರಮಾಣಕ್ಕೂ ವೈದ್ಯರು ಹೇಳಿದಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್ ಮುಂತಾದವು ಮೂತ್ರವರ್ಧಕಗಳು. ಇವುಗಳಿಗೆ ಬೆಳಗಿನ ಹೊತ್ತೇ ತಕ್ಕುದು. ದೇಹದ ಸೋಡಿಯಮ್, ಪೊಟಾಸಿಯಮ್‌ಗಳು ಇಳಿದು ಸುಸ್ತು, ಮಾಂಸಖಂಡಗಳ ಸೆಳೆತ, ಮಂಕು ತೋರಿದರೆ ವೈದ್ಯರನ್ನು ಕಾಣಬೇಕು.

ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಉಬ್ಬಸವುಳ್ಳವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ತೀರ ಇಳಿದಾಗ ಎದೆ ಹೊಡೆದುಕೊಳ್ಳುವ ಸೂಚನೆಯನ್ನು ಇವು ಮರೆಮಾಡಬಲ್ಲವು. ಇವುಗಳನ್ನು ಒಮ್ಮೆಗೇ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಕ್ಲೋನಿಡಿನ್ ಎಂಬ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಒತ್ತಡವು ಮೊದಲಿಗಿಂತಲೂ ಮೇಲೇರಬಹುದು.

ಬಿಟ್ಟುಬಿಡುವ ತಪ್ಪು

“ಈಗ ಅಳತೆ ಸರಿಯಾಗಿದೆ, ಇನ್ನೇಕೆ ಗುಳಿಗೆ?” ಎಂದು ಕೇಳುವವರು ಬಹಳ ಮಂದಿ. ಅಳತೆ ಸರಿಯಾಗಿರುವುದು ಗುಳಿಗೆಯಿಂದಲೇ. ಕಡಿಮೆ ಮಾಡುವುದಿದ್ದರೂ ಅದನ್ನು ವೈದ್ಯರೇ ನಿರ್ಧರಿಸಬೇಕು. ದಿನಕ್ಕೊಮ್ಮೆ ತಿನ್ನುವ ಗುಳಿಗೆ ಮರೆತುಹೋದರೆ, ಅದೇ ದಿನ ನೆನಪಾದಾಗ ತಿನ್ನಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನು ಒಟ್ಟಿಗೆ ನುಂಗಕೂಡದು.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದ ದಿನಗಳನ್ನು ಕಾಸರಗೋಡಿನ ಜನ ಮರೆಯಲಾರರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮನೆಗಳು ಒಂದೇ ದಿನದಲ್ಲಿ ದಿಕ್ಕೆಟ್ಟವು. ಆ ದಿನಗಳು ಕಲಿಸಿದ ಪಾಠವಿಷ್ಟೆ: ಕೊನೆಯ ಹಾಳೆ ಮುಗಿಯುವ ತನಕ ಕಾಯದೆ, ಹತ್ತು ಹದಿನೈದು ದಿನಗಳಿಗಾಗುವಷ್ಟು ಗುಳಿಗೆ ಸದಾ ಮನೆಯಲ್ಲಿರಲಿ. ನಗರದ ವೈದ್ಯರ ಚೀಟಿಯನ್ನು ಊರಿನ ಆರೋಗ್ಯ ಕೇಂದ್ರದವರಿಗೂ ತೋರಿಸಿಟ್ಟಿರಲಿ. ಮಳೆಗಾಲದ ತೇವಕ್ಕೆ ಗುಳಿಗೆ ಕೆಡುತ್ತದೆ. ಹಾಳೆಯಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಒಲೆಯ ಬಳಿ ಅಥವಾ ಬಚ್ಚಲಿನಲ್ಲಿ ಇಡಬೇಡಿ.

ಜೊತೆಗೂಡಬಾರದವು

ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ರಕ್ತದೊತ್ತಡವನ್ನು ಏರಿಸುತ್ತವೆ. ಮೂತ್ರವರ್ಧಕ ಹಾಗೂ ಎನಾಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ತಿನ್ನುವವರು ಇವನ್ನೂ ಸೇರಿಸಿದರೆ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು ಬೀಳಬಹುದು. ಅಡಿಕೆ ಸುಲಿದು ಬೆನ್ನು ಹಿಡಿದವರು ಈ ಮಾತನ್ನು ನೆನಪಿಡಬೇಕು. ಮೂಗು ಕಟ್ಟಿದಾಗ ತಿನ್ನುವ ಕೆಲವು ಶೀತದ ಗುಳಿಗೆಗಳೂ ಒತ್ತಡವನ್ನು ಏರಿಸುತ್ತವೆ. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ದಿನವೂ ಅಗಿಯುವವರಿದ್ದಾರೆ. ಹೆಚ್ಚು ತಿಂದರೆ ಅದು ಒತ್ತಡವನ್ನು ಏರಿಸಿ ಪೊಟಾಸಿಯಮನ್ನು ಇಳಿಸುತ್ತದೆ. ಗುಳಿಗೆಯಿಂದಲೇ ಬಂದ ಕೆಮ್ಮಿಗೆ ಈ ಮದ್ದು ಮಾಡಿದರೆ ತೊಂದರೆ ಎರಡಾಗುತ್ತದೆ!

ಉಪ್ಪಿನ ವಿಷಯದಲ್ಲಿ ನಮ್ಮ ಊಟದ ಎಲೆಯೇ ಅಪರಾಧಿ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದಷ್ಟರೊಳಗೆ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಉಪ್ಪು ಸೊಳೆಯ ಪಲ್ಯ, ಒಣಮೀನು ಇವು ಒಂದೇ ಊಟದಲ್ಲಿ ಆ ಮಿತಿಯನ್ನು ದಾಟಿಸಬಲ್ಲವು. ಸೊಳೆಯನ್ನು ಹೆಚ್ಚು ಹೊತ್ತು ನೀರಿನಲ್ಲಿಟ್ಟು ಹಲವು ಸಲ ಹಿಂಡಿ ಬಳಸಬಹುದು. ಸೋಡಿಯಮ್ ಕಡಿಮೆಯಿರುವ ಉಪ್ಪಿನಲ್ಲಿ ಪೊಟಾಸಿಯಮ್ ಇರುವುದರಿಂದ, ಮೂತ್ರಪಿಂಡದ ಕಾಯಿಲೆಯವರೂ ಎನಾಲಾಪ್ರಿಲ್, ಟೆಲ್ಮಿಸಾರ್ಟನ್ ತಿನ್ನುವವರೂ ಕೇಳದೆ ಅದನ್ನು ಬಳಸಬಾರದು. ಮೂತ್ರಪಿಂಡದ ಕಾಯಿಲೆಯವರು ಬೊಂಡದ ನೀರಿನ ಬಗೆಗೂ ಕೇಳಿ ತಿಳಿಯಬೇಕು.

ವಾಂತಿ ಭೇದಿಯಾಗಿ ದೇಹ ಒಣಗಿದಾಗ ಕೆಲವು ಗುಳಿಗೆಗಳನ್ನು ಒಂದೆರಡು ದಿನ ತಡೆಹಿಡಿಯಬೇಕಾಗಬಹುದು. ಆಗ ಅಂದೇ ವೈದ್ಯರನ್ನು ಕೇಳಿ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕುಳಿತು, ಬಳಿಕ ನಿಲ್ಲಿ. ಮುಖದ ಒಂದು ಬದಿ ಜೋತುಬಿದ್ದರೆ, ಒಂದು ಕೈ ಬಲಗುಂದಿದರೆ, ಮಾತು ತೊದಲಿದರೆ, ಎದೆನೋವೋ ಉಸಿರಾಟದ ಕಷ್ಟವೋ ಬಂದರೆ ಇನ್ನೊಂದು ಗುಳಿಗೆ ನುಂಗಿಸಿ ಕಾಯುತ್ತ ಕೂರದೆ 108ಕ್ಕೆ ಕರೆಮಾಡಿ. ಅಳತೆ 180/120 ಮುಟ್ಟಿದ್ದರೆ ಬೇರೆ ತೊಂದರೆ ಇಲ್ಲದಿದ್ದರೂ ಅಂದೇ ವೈದ್ಯರನ್ನು ಕೇಳಬೇಕು.

ಒಂದು ಪುಸ್ತಕ, ಎರಡು ಕಡೆ

ಚಿಕ್ಕಮ್ಮ ಬಿದ್ದ ಬಳಿಕ ನಾನು ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ಅಜ್ಜ ಅಜ್ಜಿಯರ ಗುಳಿಗೆಗಳ ಹಾಳೆಗಳನ್ನು ನೋಡಿ, ದೊಡ್ಡ ಅಕ್ಷರದ ಕಂಪೆನಿಯ ಹೆಸರಿನ ಜೊತೆಗೆ ಸಣ್ಣ ಅಕ್ಷರದ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಮ್, ಮುಗಿಯುವ ತಿಂಗಳು, ತಿನ್ನುವ ಹೊತ್ತು ಇವನ್ನು ಕನ್ನಡದಲ್ಲಿ ಬರೆಯಬೇಕು. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಕಲಿಸಿದೆ. ಸಂಶಯವಿದ್ದಲ್ಲಿ ಊಹಿಸಿ ಬರೆಯದೆ, ಕೊಟ್ಟವರನ್ನೇ ಕೇಳಬೇಕೆಂದೂ ಹೇಳಿದೆ. ಒಂದೇ ಔಷಧಿ ಎರಡು ಹೆಸರಿನಲ್ಲಿ ಇದ್ದ ಮನೆಗಳು ಇನ್ನೆರಡು ಸಿಕ್ಕಿದವು. ಆ ಹಿರಿಯರನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ಸರಿಪಡಿಸಿದ್ದಾಯಿತು.

ಆ ಪುಸ್ತಕದಲ್ಲಿ ಅಳತೆಯನ್ನೂ ಬರೆಯಬೇಕು. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ; ಮೂತ್ರ ಮಾಡಿ ಬಂದು, ಬೆನ್ನಿಗೆ ಆಧಾರ ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಗಡಿಯ ಈಚೆಗೆ ಹೋಗಲಿ, ಆಚೆಗೆ ಹೋಗಲಿ, ಇದೇ ಒಂದು ಪುಸ್ತಕ ಕೈಯಲ್ಲಿರಬೇಕು.

ಚಿಕ್ಕಮ್ಮನ ಕೈ ಈಗ ಕೂಡಿಕೊಂಡಿದೆ. ವೈದ್ಯರು ಅವರ ಗುಳಿಗೆಗಳನ್ನು ಎರಡಕ್ಕೆ ಇಳಿಸಿದ್ದಾರೆ, ಎರಡೂ ಬೆಳಿಗ್ಗೆಗೆ. ಲಕೋಟೆಯ ಮೇಲೆ ಮೊಮ್ಮಗ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ‘ಬೆಳಿಗ್ಗೆ’ ಎಂದು ಪೂರ್ತಿ ಬರೆದಿದ್ದಾನೆ. ಈ ಲೇಖನವನ್ನು ಓದಿ ಮುಗಿಸಿದವರು ಇಂದೇ ತಮ್ಮ ಮನೆಯ ಹಿರಿಯರ ಡಬ್ಬಿಯನ್ನು ತೆರೆದು, ಅವರ ಬಳಿ ಕುಳಿತು, ಒಂದೊಂದು ಹಾಳೆಯನ್ನೂ ಓದಿಹೇಳಬೇಕೆಂದು ನನ್ನ ವಿನಂತಿ.