ಈ ಮರಿಗಳ ಅಪ್ಪ ಯಾರು?

ಒಂದು ಸವಾಲು. ತಯಾರಾಗಿದ್ದೀರಾ?

ಎರಡು ಬೋವಾ ಹಾವುಗಳು. ಗಂಡೂ ಆಲ್ಬಿನೋ, ಹೆಣ್ಣೂ ಆಲ್ಬಿನೋ. ಮೈಮೇಲೆ ಕಪ್ಪಿನ ಸುಳಿವೇ ಇಲ್ಲ! ಕೆನೆ ಬಣ್ಣದ ಮೈ, ಅದರ ಮೇಲೆ ಕಿತ್ತಳೆ ಮಚ್ಚೆಗಳು, ಕೆಂಪು ಕಣ್ಣು. ಇವೆರಡನ್ನೂ ಜೋಡಿ ಮಾಡಿದರೆ ಮರಿಗಳ ಬಣ್ಣ ಯಾವುದು?

ಆಲ್ಬಿನೋ ಅಂದಿರಾ? ನಾನೂ ಅದನ್ನೇ ಅನ್ನುತ್ತಿದ್ದೆ.

ಅಲ್ಲ! ಹುಟ್ಟಿದ ಮರಿಗಳೆಲ್ಲ ಕಾಡಿನ ಬೋವಾಗಳಂತೆಯೇ ಕಂದು-ಕಪ್ಪು! ಒಂದಕ್ಕೂ ಅಪ್ಪ-ಅಮ್ಮನ ಬಣ್ಣ ಬಂದಿಲ್ಲ!

ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು. ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ನಮ್ಮ ಹೊಲಗಳ ಎರಡು ತಲೆ ಹಾವಿಗೆ ದೂರದ ನೆಂಟ! ಅಮೆರಿಕದಲ್ಲಿ ಇದನ್ನು ಸಾಕಿ, ಅಪರೂಪದ ಬಣ್ಣಗಳಿಗಾಗಿಯೇ ಮರಿ ಮಾಡಿಸುವವರಿದ್ದಾರೆ. ಅವರ ಬಳಿ ಆಲ್ಬಿನೋಗಳ ಎರಡು ಪ್ರಸಿದ್ಧ ತಳಿಗಳಿವೆ. ಒಂದು ಕಾಹ್ಲ್, ಇನ್ನೊಂದು ಶಾರ್ಪ್. ನಮ್ಮ ಸವಾಲಿನ ಗಂಡು ಒಂದು ತಳಿಯದ್ದು, ಹೆಣ್ಣು ಇನ್ನೊಂದರದ್ದು. ಗುಟ್ಟು ಇರುವುದೇ ಅಲ್ಲಿ!

ಒಂದು ಮನೆಯಲ್ಲಿ ಬೇಳೆಯಿದೆ, ಬೆಲ್ಲವಿಲ್ಲ. ಪಕ್ಕದ ಮನೆಯಲ್ಲಿ ಬೆಲ್ಲವಿದೆ, ಬೇಳೆಯಿಲ್ಲ. ಎರಡು ಮನೆಯಲ್ಲೂ ಹೋಳಿಗೆಯಿಲ್ಲ. ಆದರೆ ಇಬ್ಬರೂ ಸೇರಿದರೆ? ಹೋಳಿಗೆ ತಯಾರು! ಕಪ್ಪು ಬಣ್ಣ ತಯಾರಾಗಲು ಹಲವು ಜೀನ್‌ಗಳು ಬೇಕು. ಕಾಹ್ಲ್‌ನಲ್ಲಿ ಕೆಟ್ಟಿರುವುದು ಒಂದು, ಶಾರ್ಪ್‌ನಲ್ಲಿ ಕೆಟ್ಟಿರುವುದು ಬೇರೊಂದು. ಮರಿಗೆ ಎರಡರದ್ದೂ ಒಂದೊಂದು ಸರಿಯಾದ ಪ್ರತಿ ಸಿಕ್ಕಿಬಿಡುತ್ತದೆ. ಕಪ್ಪು ಮರಳಿ ಬಂತು!

ಸರಿ, ಈಗ ಗೊತ್ತಾಯಿತು ಅಂದುಕೊಂಡಿರಾ? ಹಾಗಾದರೆ ಇನ್ನೊಂದು.

ಕ್ಯಾರಮೆಲ್ ಅನ್ನುವ ಬೋವಾ ಇದೆ. ಸುಟ್ಟ ಸಕ್ಕರೆಯ ಹೊಂಗಂದು. ಆಲ್ಬಿನೋದಂತೆ ಇದೂ ಅಡಗಿ ಕೂರುವ ಗುಣ. ಎರಡು ಪ್ರತಿ ಸೇರಿದರೆ ಮಾತ್ರ ಹೊರಗೆ ಕಾಣುತ್ತದೆ. ಒಂದು ಕ್ಯಾರಮೆಲ್ ತಳಿಯನ್ನು ಶಾರ್ಪ್ ಆಲ್ಬಿನೋ ಜೊತೆ ಸೇರಿಸಿದರು. ಈ ಸಲವೂ ಕಪ್ಪು ಮರಿ ತಾನೆ?

ಇಲ್ಲ! ಕಪ್ಪೂ ಅಲ್ಲ, ಕ್ಯಾರಮೆಲ್ಲೂ ಅಲ್ಲ, ಆಲ್ಬಿನೋವೂ ಅಲ್ಲ. ಹೊಚ್ಚ ಹೊಸ ತಿಳಿಬಣ್ಣ! ಅದಕ್ಕೆ 'ಪ್ಯಾರಡೈಮ್' ಎಂದೇ ಹೆಸರಿಟ್ಟರು. ಅಂದರೆ ಇಲ್ಲಿ ಕೆಟ್ಟಿದ್ದು ಎರಡು ಜೀನ್ ಅಲ್ಲ, ಒಂದೇ! ಅದೇ ಜೀನ್ ಒಂದರಲ್ಲಿ ಪೂರ್ತಿ ಕೆಟ್ಟಿದೆ, ಇನ್ನೊಂದರಲ್ಲಿ ಅರೆಬರೆ ಕೆಲಸ ಮಾಡುತ್ತಿದೆ. ಪ್ರಯೋಗಾಲಯವಿಲ್ಲ, ಯಂತ್ರವಿಲ್ಲ. ಬರೀ ಮರಿಗಳ ಬಣ್ಣ ನೋಡಿ ಜೀನ್‌ನ ಒಳಗುಟ್ಟು ಹೇಳಿಬಿಡಬಹುದು! ಎಂಥ ವಿದ್ಯೆ ಇದು!

ಆದರೆ ಎಲ್ಲ ಬಣ್ಣಗಳೂ ಇಷ್ಟು ವಿಧೇಯವಲ್ಲ. 'ಪ್ಯಾರಡಾಕ್ಸ್' ಆಲ್ಬಿನೋ ನೋಡಿ. ಮೈಯೆಲ್ಲ ಆಲ್ಬಿನೋ, ನಡುವೆ ಎಲ್ಲೋ ಒಂದೆರಡು ಕಡುಗಪ್ಪು ಮಚ್ಚೆ! ಕಪ್ಪು ತಯಾರಾಗಲೇಬಾರದ ಮೈಯಲ್ಲಿ ಆ ಕಪ್ಪು ಬಂದದ್ದೆಲ್ಲಿಂದ? ಭ್ರೂಣವಾಗಿದ್ದಾಗಲೇ ಎರಡು ಜೀವಗಳು ಬೆಸೆದು ಒಂದಾದವೇ? ಬೆಳೆಯುವಾಗ ಯಾವುದೋ ಒಂದು ಕೋಶದ ಜೀನ್ ತಾನಾಗಿ ಬದಲಾಯಿತೇ? ವಾದ ಇನ್ನೂ ನಡೆದೇ ಇದೆ. ಆ ಮಚ್ಚೆ ಮರಿಗಳಿಗೆ ಬಂದೇ ಬರುತ್ತದೆ ಎಂಬ ಭರವಸೆಯೂ ಇಲ್ಲ!

ಈಗ ಉಸಿರು ಬಿಗಿಹಿಡಿಯಿರಿ. ನಾನು ಹೇಳಲೇಬೇಕೆಂದಿದ್ದ ಕಥೆ ಇದು.

ಅಮೆರಿಕದಲ್ಲಿ ಒಂದು ಹೆಣ್ಣು ಬೋವಾ. ಕ್ಯಾರಮೆಲ್ ಬಣ್ಣದ್ದು. ಹಿಂದೆ ಗಂಡಿನ ಜೊತೆ ಸೇರಿ ಎಲ್ಲ ಬೋವಾಗಳಂತೆ ಮರಿ ಹಾಕಿದ್ದಳು. ಆಮೇಲೆ ಎರಡು ಸೂಲು. ಎರಡರಲ್ಲೂ ಏನೋ ವಿಚಿತ್ರ. ಒಂದೊಂದು ಮರಿಯೂ ಕ್ಯಾರಮೆಲ್! ಒಂದೊಂದೂ ಹೆಣ್ಣು!

ಒಟ್ಟು ಎಷ್ಟು ಮರಿ ಗೊತ್ತೇ? ಐದು? ಹತ್ತು?

22!

ಮರಿ ಹೆಣ್ಣಾಗುವ ಸಾಧ್ಯತೆ ಅರ್ಧಕ್ಕರ್ಧ. 22ಕ್ಕೆ 22ವೂ ಹೆಣ್ಣಾಗುವ ಸಾಧ್ಯತೆ? ಲೆಕ್ಕ ಹಾಕಿ. 41,94,304ರಲ್ಲಿ ಒಂದು!

ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ವಾರೆನ್ ಬೂತ್ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷೆ ಮಾಡಿದರು. ಅಪ್ಪನ ಗುರುತು ಹುಡುಕಿದರು.

ಸಿಗಲಿಲ್ಲ. ಯಾಕೆಂದರೆ ಅಪ್ಪ ಇರಲೇ ಇಲ್ಲ!

ಹೌದು, ತಾಯಿ ಒಬ್ಬಳೇ ಹೆತ್ತಿದ್ದಳು! ಗಂಡು ಸಿಗದೆ ಹೀಗಾಯಿತು ಅನ್ನುವಂತೆಯೂ ಇಲ್ಲ. ಗಂಡುಗಳು ಅದೇ ಗೂಡಿನಲ್ಲಿದ್ದವು, ಅವಳ ಸುತ್ತ ಸುಳಿಯುತ್ತಲೂ ಇದ್ದವು! ಸುದ್ದಿ ಹೊರಬಿದ್ದದ್ದು 2010ರಲ್ಲಿ. ಬೋವಾದಲ್ಲಿ ಇಂಥದ್ದು ಕಂಡದ್ದು ಅದೇ ಮೊದಲು.

ಆದರೆ ನಿಜವಾದ ತಲೆನೋವು ಶುರುವಾದದ್ದು ಆಮೇಲೆ. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಎಕ್ಸ್ ಮತ್ತು ವೈ. ಹೆಚ್ಚಿನ ಹಾವುಗಳಲ್ಲಿ ಲೆಕ್ಕ ತಿರುಗುಮುರುಗು: ಗಂಡಿಗೆ ಎರಡು ಜೆಡ್, ಹೆಣ್ಣಿಗೆ ಜೆಡ್ ಮತ್ತು ಡಬ್ಲ್ಯೂ. ಎಲ್ಲ ಹಾವುಗಳಲ್ಲೂ ಹೀಗೇ ಎಂದು ಅರ್ಧ ಶತಮಾನ ನಂಬಿದ್ದರು. ಹಾಗಾದರೆ ತಾಯಿಯ ಒಂದೇ ವರ್ಣತಂತು ಇಮ್ಮಡಿಯಾಗಿ ಹುಟ್ಟಿದ ಈ ಹೆಣ್ಣುಮರಿಗಳಲ್ಲಿ ಇರಬೇಕಾದದ್ದು ಎರಡು ಡಬ್ಲ್ಯೂ. ಅಂಥ ಜೀವ ಬದುಕಲು ಸಾಧ್ಯವೇ ಇಲ್ಲ ಎಂದು ಎಲ್ಲರ ಎಣಿಕೆ! ಇಲ್ಲಿ ನೋಡಿದರೆ 22 ಬದುಕಿವೆ!

ಈ ಒಗಟನ್ನು ನೀವು ಬಿಡಿಸಬಲ್ಲಿರಾ? ಒಂದು ನಿಮಿಷ ಯೋಚಿಸಿ.

ಉತ್ತರ ಬಂದದ್ದು 2017ರಲ್ಲಿ. ಮಾರ್ಕ್ವೆಟ್ ವಿಶ್ವವಿದ್ಯಾಲಯದ ಟೋನಿ ಗ್ಯಾಂಬಲ್ ಮತ್ತು ತಂಡ ಬೋವಾ ಹಾಗೂ ಹೆಬ್ಬಾವಿನ ಡಿಎನ್‌ಎಯನ್ನು ಜಾಲಾಡಿತು. ಬೂತ್ ಕೂಡ ಆ ತಂಡದಲ್ಲಿದ್ದರು. ಸಿಕ್ಕಿದ್ದೇನು? ಈ ಬೋವಾದಲ್ಲೂ ಹೆಬ್ಬಾವಿನಲ್ಲೂ ಜೆಡ್ ಇಲ್ಲ, ಡಬ್ಲ್ಯೂ ಇಲ್ಲ. ಇರುವುದು ಎಕ್ಸ್ ಮತ್ತು ವೈ! ನಮ್ಮಂತೆಯೇ!

ಈಗ ನೋಡಿ, ಎಲ್ಲ ಎಷ್ಟು ಚೆನ್ನಾಗಿ ಕೂಡಿಬಂತು! ತಾಯಿಯಲ್ಲಿರುವುದು ಎರಡು ಎಕ್ಸ್. ಅವಳೊಬ್ಬಳೇ ಹೆತ್ತರೆ ಎಕ್ಸ್ ಬಿಟ್ಟು ಬೇರೇನು ಕೊಟ್ಟಾಳು? ಮರಿಗಳೆಲ್ಲ ಹೆಣ್ಣಾಗಲೇಬೇಕು! ತಾಯಿಯಲ್ಲಿದ್ದದ್ದು ಎರಡೂ ಕ್ಯಾರಮೆಲ್ ಪ್ರತಿ. ಮರಿಗಳೆಲ್ಲ ಕ್ಯಾರಮೆಲ್ ಆಗಲೇಬೇಕು!

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಹೆಬ್ಬಾವಿನಲ್ಲಿ ಈ ಎಕ್ಸ್-ವೈ ಆಟದ ಸುಳಿವು ಸಾಕುವವರ ಕೈಗೆ ಮೊದಲೇ ಸಿಕ್ಕಿತ್ತು, ಅದೂ ಬಣ್ಣದಿಂದಲೇ! ಆಫ್ರಿಕಾದ ಪುಟ್ಟ ಹೆಬ್ಬಾವು ಬಾಲ್ ಪೈಥಾನ್. ಅದರಲ್ಲಿ 'ಬನಾನಾ' ಅನ್ನುವ ಹಳದಿ ಬಣ್ಣವಿದೆ. ಒಂದೇ ಪ್ರತಿ ಸಾಕು, ಕಂಡುಬಿಡುತ್ತದೆ. ಕೆಲವು ಬನಾನಾ ಗಂಡುಗಳಿಗೆ ಹುಟ್ಟುವ ಬನಾನಾ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಇನ್ನು ಕೆಲವಕ್ಕೆ ಹೆಚ್ಚುಕಡಿಮೆ ಎಲ್ಲವೂ ಗಂಡು! ಏನು ವ್ಯತ್ಯಾಸ? ಮೊದಲಿನವಕ್ಕೆ ಆ ಬಣ್ಣ ಬಂದದ್ದು ಅಮ್ಮನಿಂದ, ಎರಡನೆಯವಕ್ಕೆ ಅಪ್ಪನಿಂದ!

ಅಮ್ಮ ಕೊಟ್ಟದ್ದು ಎಕ್ಸ್ ಮೇಲೆ ಕೂತಿದೆ, ಅದು ಮಗಳಿಗೆ ಹೋಗುತ್ತದೆ. ಅಪ್ಪ ಕೊಟ್ಟದ್ದು ವೈ ಮೇಲೆ ಕೂತಿದೆ, ಅದು ಮಗನಿಗೆ. ಎಷ್ಟು ಸರಳ!

'ಹೆಚ್ಚುಕಡಿಮೆ' ಅಂದೆ, ಗಮನಿಸಿದಿರಾ? ಅಪರೂಪಕ್ಕೊಮ್ಮೆ ಎಕ್ಸ್ ಮತ್ತು ವೈ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ಹೆಣ್ಣನ್ನೇ ಕೊಡುತ್ತಿದ್ದ ಅಪ್ಪನಿಗೂ ಒಬ್ಬ ಬನಾನಾ ಮಗ ಹುಟ್ಟಿಬಿಡುತ್ತಾನೆ!

ಕೊನೆಯ ಸವಾಲು ಇದೇ. ಆ ಮಗ ದೊಡ್ಡವನಾಗಿ ಜೋಡಿ ಕಟ್ಟಿದರೆ, ಅವನ ಬನಾನಾ ಮರಿಗಳು ಗಂಡೋ ಹೆಣ್ಣೋ?

ಗಂಡು ಅಂದಿರಾ? ಸರಿಯಾಗಿ ಹೇಳಿದಿರಿ!