ಆಸ್ಪತ್ರೆಯ ಹೊಣೆ ಯಾರದು?

ಭೀಮಾ ತೀರದ ಎರೆಭೂಮಿಯಲ್ಲಿ ಮಳೆಗಾಲದ ಒಂದು ಸಂಜೆ. ತೊಗರಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೂಲಿಕಾರನೊಬ್ಬನ ಕಾಲಿಗೆ ಹಾವು ಕಚ್ಚಿತೆಂದು ಭಾವಿಸೋಣ. ಮನೆಯವರು ಅವನನ್ನು ಎಲ್ಲಿಗೆ ಕರೆದೊಯ್ಯಬೇಕು? ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರು. ಆಳಂದದಿಂದಲೂ ಹೆಚ್ಚುಕಡಿಮೆ ಅಷ್ಟೇ. ಅಫಜಲಪುರದಿಂದ ಇನ್ನೂ ದೂರ. ದೊಡ್ಡ ಖಾಸಗಿ ಆಸ್ಪತ್ರೆಗಳೆಲ್ಲ ಆ ನಗರದಲ್ಲಿವೆ. ವಿಷವಾದರೋ ದಾರಿಯ ಉದ್ದವನ್ನು ಲೆಕ್ಕಿಸುವುದಿಲ್ಲ. ವೈದ್ಯಕೀಯವು ಸರಕಾರದ ಕೈಯಲ್ಲಿರಬೇಕೇ, ಖಾಸಗಿಯವರ ಕೈಯಲ್ಲಿರಬೇಕೇ ಎಂಬ ಚರ್ಚೆಯನ್ನು ಈ ಹೊಲದ ಬದುವಿನಲ್ಲಿ ನಿಂತು ನೋಡುವುದು ಒಳ್ಳೆಯದು.

ಹಣ ಕೊಡಲಾರನೆಂಬ ಕಾರಣದಿಂದ ಯಾವ ಪ್ರಜೆಯೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬುದು 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಮೂಲತತ್ತ್ವ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಆ ವರದಿಯಿಂದಲೇ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರವಿರಬೇಕೆಂಬ ನಿಯಮ ಅನಂತರ ಬಂದಿತು. ಸಾರ್ವಜನಿಕ ಆರೋಗ್ಯದ ಸುಧಾರಣೆಯು ರಾಜ್ಯದ ಕರ್ತವ್ಯವೆಂದು ಸಂವಿಧಾನದ 47ನೆಯ ವಿಧಿಯೂ ಹೇಳುತ್ತದೆ.

ಆದರೆ ತತ್ತ್ವ ಬೇರೆ, ನಡೆದುಬಂದ ದಾರಿ ಬೇರೆ. ಈ ಮೂರು ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಏಕೀಕರಣದ ಬಳಿಕ ಜಿಲ್ಲೆಯ ಮೊದಲ ವೈದ್ಯಕೀಯ ಕಾಲೇಜನ್ನು 1963ರಲ್ಲಿ ಸ್ಥಾಪಿಸಿದ್ದು ಸರಕಾರವಲ್ಲ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ. ಸರಕಾರಿ ವೈದ್ಯಕೀಯ ಕಾಲೇಜು ಬರುವುದಕ್ಕೆ ಮತ್ತೆ ಅರ್ಧ ಶತಮಾನ ಕಾಯಬೇಕಾಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಸರಕಾರ ಕೈಚಾಚದ ಕಡೆ ಖಾಸಗಿಯವರು ಬಂದದ್ದು ಉಪಕಾರವೇ ಸರಿ. ಅದನ್ನು ಮರೆತು ವಾದಿಸುವುದು ನ್ಯಾಯವಲ್ಲ.

ಖಾಸಗಿ ಪಕ್ಷದವರು ಹೇಳುವುದೇನು? ಸ್ಪರ್ಧೆಯಿದ್ದರೆ ಸೇವೆ ಚುರುಕಾಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಕಟ್ಟಡವಿದ್ದರೆ ವೈದ್ಯರಿಲ್ಲ, ವೈದ್ಯರಿದ್ದರೆ ಔಷಧಿಯಿಲ್ಲ ಎನ್ನುತ್ತಾರೆ. ಹಳ್ಳಿಯ ಜನ ಇದನ್ನು ಸುಳ್ಳೆನ್ನುವುದಿಲ್ಲ. ಆದರೆ ಚಿಕಿತ್ಸೆಯು ಸಂತೆಯ ಸರಕಿನಂಥದಲ್ಲ. ಜೋಳ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಬಲ್ಲ, ಬೆಲೆ ಹೆಚ್ಚೆನಿಸಿದರೆ ಮುಂದಿನ ಅಂಗಡಿಗೆ ಹೋಗಬಲ್ಲ. ರೋಗಿಗೆ ತನಗೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದು ತಿಳಿಯದು. ಮಾರುವವನೇ ಕೊಳ್ಳುವವನಿಗೆ ಸಲಹೆಗಾರನಾಗಿರುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಈ ತೊಡಕನ್ನು 1963ರಲ್ಲಿಯೇ ವಿವರಿಸಿದ್ದನು. ಇದಲ್ಲದೆ ಲಸಿಕೆ ಹಾಕುವುದು, ನೀರು ಶುದ್ಧಗೊಳಿಸುವುದು, ಸೊಳ್ಳೆ ನಿರ್ಮೂಲನ ಮಾಡುವುದು ಇವುಗಳಲ್ಲಿ ಲಾಭವಿಲ್ಲ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾದದ್ದು ಸರಕಾರ ಮನೆಮನೆಗೆ ಹನಿ ತಲುಪಿಸಿದ್ದರಿಂದ.

ಎರಡನ್ನೂ ಬೆಸೆಯುವ ಯತ್ನಗಳು ನಮ್ಮ ಸೀಮೆಯಲ್ಲಿಯೇ ನಡೆದಿವೆ. ರಾಯಚೂರಿನಲ್ಲಿ ಒಪೆಕ್ ನೆರವಿನಿಂದ ಕಟ್ಟಿದ ಸರಕಾರದ ದೊಡ್ಡ ಆಸ್ಪತ್ರೆಯ ಆಡಳಿತವನ್ನು ಅಪೋಲೊ ಸಂಸ್ಥೆಗೆ ವಹಿಸಲಾಯಿತು. ಬಡವರಿಗೆ ಎಷ್ಟು ಸೇವೆ ದೊರೆಯಿತೆಂಬ ವಿಷಯದಲ್ಲಿ ವಿವಾದ ಬೆಳೆದು, 2012ರಲ್ಲಿ ಆ ವ್ಯವಸ್ಥೆ ಕೊನೆಗೊಂಡಿತು. ಇನ್ನೊಂದು ಯತ್ನದ ಕಥೆ ಬೇರೆ. ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಆರಂಭವಾಯಿತು. ಹೃದ್ರೋಗ, ಕ್ಯಾನ್ಸರ್‌ನಂಥ ರೋಗಗಳ ದೊಡ್ಡ ಚಿಕಿತ್ಸೆಗೆ ಬಡವರು ಖಾಸಗಿ ಆಸ್ಪತ್ರೆಗೂ ಹೋಗಬಹುದಾಗಿತ್ತು. ವೆಚ್ಚವನ್ನು ಸರಕಾರ ಭರಿಸುತ್ತಿತ್ತು. ಯೋಜನೆಯಿದ್ದ ಹಳ್ಳಿಗಳಲ್ಲಿ ಇಂಥ ರೋಗಗಳಿಂದ ಸತ್ತ ಬಡವರ ಸಂಖ್ಯೆ, ಯೋಜನೆಯಿಲ್ಲದ ನೆರೆಯ ಹಳ್ಳಿಗಳಿಗಿಂತ ಬಹಳ ಕಡಿಮೆಯೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. ಜ್ವರ, ವಾಂತಿಭೇದಿಗಳಂಥ ದಿನನಿತ್ಯದ ಬೇನೆಗಳಿಗೆ ಆ ಯೋಜನೆ ಅನ್ವಯಿಸುತ್ತಿರಲಿಲ್ಲ. ಬಡವನ ಮನೆಯಲ್ಲಿ ಸಾಲ ಬೆಳೆಯುವುದು ಹೆಚ್ಚಾಗಿ ಇಂಥ ಚಿಲ್ಲರೆ ಖರ್ಚಿನಿಂದಲೇ.

ಖಾಸಗಿಯವರನ್ನು ನಿಯಂತ್ರಿಸುವುದೂ ಸುಲಭವಾಗಲಿಲ್ಲ. 2017ರಲ್ಲಿ ರಾಜ್ಯ ಸರಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತರಲು ಹೊರಟಾಗ ವೈದ್ಯರು ಮುಷ್ಕರ ಹೂಡಿದರು. ರೋಗಿಗಳು ಬಾಗಿಲಿಂದ ಬಾಗಿಲಿಗೆ ಅಲೆದರು. ಕೊನೆಗೆ ಕೆಲವು ಕಠಿಣ ನಿಯಮಗಳನ್ನು ಸಡಿಲಿಸಿ ಕಾಯಿದೆ ಮಾಡಲಾಯಿತು. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದೆಂಬ ನಿಯಮ ಅದರಲ್ಲಿ ಉಳಿಯಿತು. ಇಂಥದೊಂದು ನಿಯಮವನ್ನು ಬರೆದಿಡಬೇಕಾಯಿತೆಂಬುದೇ ಯೋಚಿಸತಕ್ಕ ವಿಷಯ.

ಇನ್ನು ನಮ್ಮ ಕೂಲಿಕಾರನ ಬಳಿಗೆ ಮರಳೋಣ. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. 2008ರಲ್ಲಿ ಆರಂಭವಾದ ಈ ಸೇವೆಗೆ ಹಣ ಸರಕಾರದ್ದು. ಅದನ್ನು ನಡೆಸಲು ವಹಿಸಿಕೊಟ್ಟದ್ದು ಖಾಸಗಿ ಸಂಸ್ಥೆಗೆ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಸರಕಾರಕ್ಕೆ ವರದಿ ಮಾಡಬೇಕೆಂದು 2024ರಲ್ಲಿ ರಾಜ್ಯವು ಆಜ್ಞೆ ಹೊರಡಿಸಿದೆ; ಎಷ್ಟು ಔಷಧಿ ಎಲ್ಲಿಗೆ ಬೇಕೆಂಬುದು ಆ ಲೆಕ್ಕದಿಂದ ತಿಳಿಯಬೇಕು. ವಾಹನವು ತಾಲ್ಲೂಕು ಆಸ್ಪತ್ರೆಯ ಮುಂದೆ ನಿಲ್ಲುತ್ತದೆ. ಅವನ ಬದುಕು ಈಗ ಎರಡು ಸಂಗತಿಗಳನ್ನು ಅವಲಂಬಿಸಿದೆ: ಶೀತಪೆಟ್ಟಿಗೆಯಲ್ಲಿ ವಿಷನಿರೋಧಕ ಚುಚ್ಚುಮದ್ದಿನ ಸೀಸೆಗಳಿವೆಯೇ, ರಾತ್ರಿಯ ಪಾಳಿಯಲ್ಲಿ ವೈದ್ಯರು ಇದ್ದಾರೆಯೇ?