ಸಭಾಕಂಪ ಮತ್ತು ತಾಳಮದ್ದಳೆಯ ಮಾತಿನ ಕಲಿಕೆ

ಸಭೆಯ ಎದುರು ಮಾತನಾಡುವಾಗ ಉಂಟಾಗುವ ಅಂಜಿಕೆಗೆ ಕನ್ನಡದಲ್ಲಿ ‘ಸಭಾಕಂಪ’ ಎಂಬ ಪದವಿದೆ. ಎದೆಬಡಿತ ಏರುವುದು, ಬಾಯಿ ಒಣಗುವುದು, ಧ್ವನಿ ನಡುಗುವುದು ಇದರ ಲಕ್ಷಣಗಳು. ಇವು ವಿಷಯಜ್ಞಾನದ ಕೊರತೆಯನ್ನು ಸೂಚಿಸುವುದಿಲ್ಲ. ಆದರೆ ವಿಚಾರಗೋಷ್ಠಿ ಹಾಗೂ ಮೌಖಿಕ ಪರೀಕ್ಷೆಗಳಲ್ಲಿ ಇವನ್ನು ಹಾಗೆಯೇ ಗ್ರಹಿಸುವುದರಿಂದ, ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿಯೂ ಹಿಂದುಳಿಯಬೇಕಾಗುತ್ತದೆ. ಸಭಾಕಂಪವನ್ನು ವ್ಯಕ್ತಿಯ ದೌರ್ಬಲ್ಯವೆಂದು ಬಗೆಯುವುದರ ಬದಲು, ಮಾತಿನ ಸನ್ನಿವೇಶ ರೂಪುಗೊಳ್ಳುವ ಬಗೆಯನ್ನು ಪರಿಶೀಲಿಸುವುದು ಅಗತ್ಯ. ಈ ನೆಲೆಯಲ್ಲಿ ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆಯು ಗಮನಾರ್ಹವಾದ ಮಾದರಿಯಾಗಿದೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಬಳಿಕ ಅರ್ಥಧಾರಿಯು ಅದನ್ನು ಪಾತ್ರದ ಮಾತಾಗಿ ಆಶುವಾಗಿ ವಿಸ್ತರಿಸುತ್ತಾನೆ. ಮೇಲ್ನೋಟಕ್ಕೆ ಇದು ಸಭಾಕಂಪವನ್ನು ಹೆಚ್ಚಿಸುವ ಸನ್ನಿವೇಶ. ಆದರೆ ಇದರ ರಚನೆಯಲ್ಲಿಯೇ ಮೂರು ಆಧಾರಗಳಿವೆ. ಮೊದಲನೆಯದು ಪದ್ಯ, ಏನು ಹೇಳಬೇಕೆಂಬುದನ್ನು ಅದು ಒದಗಿಸುತ್ತದೆ. ಎರಡನೆಯದು ಪಾತ್ರ, ಮಾತಿನ ಹೊಣೆಯನ್ನು ಅದು ಹಂಚಿಕೊಳ್ಳುತ್ತದೆ. ಮೂರನೆಯದು ಎದುರು ಕುಳಿತ ಸಹ ಅರ್ಥಧಾರಿ. ಇಡೀ ಸಭೆಯನ್ನು ಉದ್ದೇಶಿಸಿ ಮಾತನಾಡುವ ಬದಲು ಒಬ್ಬನಿಗೆ ಉತ್ತರಿಸಿದರೆ ಸಾಕಾಗುತ್ತದೆ.

ಕಲಿಕೆಯೂ ಹಂತಹಂತವಾಗಿ ನಡೆಯುತ್ತದೆ. ‘ವಾಲಿವಧೆ’ಯಂತಹ ಪ್ರಸಂಗದಲ್ಲಿ ಹೊಸಬನು ವಾಲಿ ಮತ್ತು ರಾಮರ ದೀರ್ಘ ಧರ್ಮವಿಚಾರಕ್ಕೆ ನೇರವಾಗಿ ಇಳಿಯಬೇಕಾಗಿಲ್ಲ; ಮಾತು ಕಡಿಮೆಯಿರುವ ಪಾತ್ರದಿಂದ ಆರಂಭಿಸಿ, ಹಿರಿಯರ ವಾದಸರಣಿಯನ್ನು ಅದೇ ಕೂಟದಲ್ಲಿ ಕುಳಿತು ಕೇಳುತ್ತಾನೆ. ಪ್ರತಿನಾಯಕ ಪಾತ್ರಗಳ ಅರ್ಥಗಾರಿಕೆಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918-2006) ಕಲಾವಿದರ ಮಾತು ಹೀಗೆ ಕೇಳುಗರ ಪಾಲಿಗೆ ಪಾಠವೂ ಆಗಿತ್ತು.

ಆಧುನಿಕ ಮನಶ್ಶಾಸ್ತ್ರದ ಒಂದು ತಿಳಿವಳಿಕೆಯನ್ನೂ ಇಲ್ಲಿ ಜೊತೆಗಿಟ್ಟು ನೋಡಬಹುದು. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾಷಣಕಾರರು ತಮ್ಮ ಅಂಜಿಕೆ ಸಭೆಗೆ ಎಷ್ಟು ಕಾಣುತ್ತಿದೆಯೆಂದು ಭಾವಿಸುತ್ತಾರೋ ವಾಸ್ತವವಾಗಿ ಅಷ್ಟು ಕಾಣುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿದವರು ಹೆಚ್ಚು ಚೆನ್ನಾಗಿ ಮಾತನಾಡಿದರು. ತನ್ನ ಕಡೆಗಿರುವ ಗಮನವನ್ನು ಮಾತಿನ ಕಡೆಗೆ ತಿರುಗಿಸುವುದೇ ಪರಿಹಾರವೆಂದಾದರೆ, ತಾಳಮದ್ದಳೆಯ ಪದ್ಯ, ಪಾತ್ರ, ಪ್ರತಿವಾದಿಗಳು ಮಾಡುವುದೂ ಅದನ್ನೇ.

ಆದರೆ ಈ ಕಲಿಕೆ ಎಲ್ಲರಿಗೂ ಸಮಾನವಾಗಿ ದೊರೆತಿರಲಿಲ್ಲ. ಅರ್ಥಗಾರಿಕೆಯಲ್ಲಿ ಮಹಿಳೆಯರು ಬಹುಕಾಲ ವಿರಳವಾಗಿದ್ದರು. ಆದ್ದರಿಂದ ಕಲೆಯನ್ನು ಕೊಂಡಾಡುವುದಷ್ಟೇ ಸಾಲದು; ಅದರ ವಿಧಾನವನ್ನು ತರಗತಿಗೆ ತರಬೇಕು. ಅಧ್ಯಾಪಕರು ಒಂದು ಪದ್ಯವನ್ನು ವಾಚಿಸಿ, ಎದುರುಬದುರು ಕುಳಿತ ಇಬ್ಬರು ವಿದ್ಯಾರ್ಥಿಗಳಿಂದ ಎರಡು ಪಕ್ಷಗಳಲ್ಲಿ ಅರ್ಥ ಹೇಳಿಸಬಹುದು. ಮೊದಲು ಎರಡು ನಿಮಿಷ, ಅನಂತರ ಐದು, ಕೊನೆಗೆ ಪಾತ್ರವಿಲ್ಲದೆ ಸ್ವಂತ ಪ್ರಬಂಧದ ಮಂಡನೆ. ಈ ಕ್ರಮದಲ್ಲಿ ಕಂಪನವು ಪೂರ್ಣವಾಗಿ ಇಲ್ಲವಾಗದಿರಬಹುದು. ಆದರೆ ಅದು ಮಾತನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.